ಮೊದಲ ಸಪ್ರೆಸರ್: ಡಬ್ಬಿ ಕೊಳ್ಳುವ ಮೊದಲು ನಳಿಕೆ ನೋಡಿ

ಪ್ರಶ್ನೆ: ನಾನು ಹಾಸನದ ಕಡೆಯವನು. ಹನ್ನೊಂದು ವರ್ಷದಿಂದ ಟೆಕ್ಸಾಸಿನಲ್ಲಿದ್ದೇನೆ, ಈಗ ಗ್ರೀನ್ ಕಾರ್ಡ್ ಬಂದಿದೆ. ಪಕ್ಕದ ರಾಂಚಿನವರ ಜೊತೆ ಕಾಡುಹಂದಿ ಬೇಟೆಗೆ ಹೋಗುತ್ತೇನೆ. ನನ್ನದು .308 ಬೋಲ್ಟ್ ಆಕ್ಷನ್ ರೈಫಲ್, 22 ಇಂಚಿನ ನಳಿಕೆ, ತುದಿಯಲ್ಲಿ ಥ್ರೆಡ್ (ತಿರುಪಿನ ಗೆರೆ) ಇಲ್ಲ. ಮಗ ಕಲಿಯಲಿ ಅಂತ ಒಂದು .22 ಕೂಡ ಇದೆ. ಹೋದ ತಿಂಗಳು ಅವಸರದಲ್ಲಿ ಕಿವಿಗೆ ಏನೂ ಹಾಕದೆ ಎರಡು ಈಡು ಹೊಡೆದೆ. ಎರಡು ದಿನ ಎಡಗಿವಿ ಗುಂಯ್ ಅನ್ನುತ್ತಿತ್ತು. ಸದ್ದು ಇಳಿಸಲು ನಳಿಕೆಯ ತುದಿಗೆ ಹಾಕುವ ಡಬ್ಬಿ, ಅಂದರೆ ಸಪ್ರೆಸರ್ ಮೇಲಿದ್ದ 200 ಡಾಲರ್ ತೆರಿಗೆಯೂ ಈಗ ಹೋಗಿದೆ ಅಂತಾರೆ. ಮೊದಲ ಸಪ್ರೆಸರ್ ಯಾವುದು ತಗೊಳ್ಳಲಿ? ರೈಫಲ್‌ಗೆ ಹೇಗೆ ಹಾಕಿಸಲಿ?

ಉತ್ತರ: ಮೊದಲು ನಿಮ್ಮ ಎಡಗಿವಿಯ ವಿಷಯ. ಬಲಗೈಯವರು ರೈಫಲ್ ಹೆಗಲಿಗೆ ಕೊಟ್ಟಾಗ ಬಲಗಿವಿ ತಲೆಯ ಮರೆಯಲ್ಲಿ ಇರುತ್ತದೆ. ಎಡಗಿವಿ ನಳಿಕೆಯ ತುದಿಯ ಕಡೆ ತಿರುಗಿರುತ್ತದೆ. ಅದಕ್ಕೇ ಬೇಟೆಗಾರರಲ್ಲಿ ಎಡಗಿವಿ ಮೊದಲು ಹೋಗುವುದು. ನನ್ನದೂ ಎಡಗಿವಿಯೇ. ಕೊಡಗಿನ ತೋಟದಲ್ಲಿ ಹದಿನಾರನೇ ವಯಸ್ಸಿಗೆ ಅಪ್ಪನ ಕೋವಿ ಹಿಡಿದೆ. ಕಿವಿಗೆ ಹತ್ತಿಯನ್ನೂ ಇಟ್ಟುಕೊಳ್ಳಲಿಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಸಾಲಾಗಿ ನಿಂತು ಕೇಳಿದ ಸದ್ದು ಇವತ್ತೂ ಒಳಗೆ ಸಣ್ಣಗೆ ಕೂಗುತ್ತಿದೆ. ಎರಡು ದಿನಕ್ಕೆ ನಿಂತಿತು ಅಂದರೆ ನಿಮ್ಮ ಪುಣ್ಯ. ಸಲ ಸಲವೂ ನಿಲ್ಲುವುದಿಲ್ಲ. ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಿ, ಆಮೇಲೆ ಉಳಿದದ್ದು.

ಸಪ್ರೆಸರ್ ಅಂದರೆ ಸದ್ದೇ ಇಲ್ಲ ಅಂತ ಸಿನಿಮಾ ನಮಗೆಲ್ಲ ಕಲಿಸಿಬಿಟ್ಟಿದೆ. ನಿಜ ಬೇರೆ. ನಿಮ್ಮ .308 ಸದ್ದು ನಳಿಕೆಯ ಹತ್ತಿರ ಸುಮಾರು 165 ಡೆಸಿಬೆಲ್ ಇರುತ್ತದೆ. ಒಳ್ಳೆಯ ಸಪ್ರೆಸರ್ ಅದರಿಂದ 25-30 ಡೆಸಿಬೆಲ್ ಇಳಿಸುತ್ತದೆ. ಗುಂಡಿನಂಥ ಫಟ್ ಅನ್ನುವ ಸದ್ದಿಗೆ 140 ಡೆಸಿಬೆಲ್ ದಾಟಬಾರದು ಅನ್ನುವುದು ಕಿವಿಯ ಲೆಕ್ಕ. ಅಂದರೆ ಸಪ್ರೆಸರ್ ನಿಮ್ಮನ್ನು ಆ ಗೆರೆಯ ಹತ್ತಿರಕ್ಕೋ ಸ್ವಲ್ಪ ಕೆಳಕ್ಕೋ ತರುತ್ತದೆ, ಅಷ್ಟೇ. ಜೊತೆಗೆ ನಿಮ್ಮ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗ ಸುಮಾರು 340 ಮೀಟರ್. ಗಾಳಿ ಸೀಳುವ ಆ ಚಟ್ ಸದ್ದನ್ನು ಯಾವ ಡಬ್ಬಿಯೂ ತಡೆಯುವುದಿಲ್ಲ. ಆದ್ದರಿಂದ ರೇಂಜಿನಲ್ಲಿ ಕಿವಿ ಮುಚ್ಚುವ ಮಫ್ ಬಿಡಬೇಡಿ. ಬೇಟೆಯಲ್ಲೂ ಕನಿಷ್ಠ ಪ್ಲಗ್ ಇರಲಿ.

ಒಳಗೆ ಏನಾಗುತ್ತದೆ ಅಂದರೆ, ನಮ್ಮ ಟಿಫಿನ್ ಕ್ಯಾರಿಯರ್ ನೆನಪಿಸಿಕೊಳ್ಳಿ. ಒಂದರ ಮೇಲೊಂದು ಡಬ್ಬಿ, ಪ್ರತಿಯೊಂದರ ತಳದ ನಡುವೆ ಒಂದು ತೂತು. ಗುಂಡು ಆ ತೂತುಗಳ ಮೂಲಕ ನೇರ ಹೋಗಿಬಿಡುತ್ತದೆ. ಹಿಂದೆ ಬರುವ ಬಿಸಿ ಗ್ಯಾಸು ಒಂದೊಂದು ಅಂಕಣದಲ್ಲೂ ಸಿಕ್ಕಿ, ಸುತ್ತಿ, ತಣ್ಣಗಾಗಿ, ನಿಧಾನವಾಗಿ ಹೊರಗೆ ಬರುತ್ತದೆ. ಬೈಕಿನ ಸೈಲೆನ್ಸರ್ ಮಾಡುವುದೂ ಇದನ್ನೇ. 1909ರಲ್ಲಿ ಇದರ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಜಿನ್ ಸದ್ದು ಇಳಿಸುವ ಕೆಲಸವನ್ನೂ ಮಾಡಿದವರು. ಅವರ ಅಪ್ಪ ಮ್ಯಾಕ್ಸಿಮ್ ಮಷಿನ್ ಗನ್ ಮಾಡಿದವರು. ಮಗ ಸದ್ದು ಇಳಿಸಲು ಹೊರಟರು. ಒಳಗಿನ ಆ ತೂತಿನ ತಟ್ಟೆಗಳಿಗೆ ಬ್ಯಾಫಲ್ ಅನ್ನುತ್ತಾರೆ. ಈ ಪದ ಮುಂದೆ ಮತ್ತೆ ಬರುತ್ತದೆ.

ಈಗ ಕಾಗದಪತ್ರ. ಅಮೆರಿಕದಲ್ಲಿ ಸಪ್ರೆಸರ್ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಕೆಳಗೆ ಬರುತ್ತದೆ. 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆ ಆಗಿದೆ, ನಿಜ. ಆದರೆ ಹೋಗಿದ್ದು ದುಡ್ಡು ಮಾತ್ರ. ನೋಂದಣಿ ಹೋಗಿಲ್ಲ. ಫಾರ್ಮ್ 4 ಅನ್ನುವ ಅರ್ಜಿ, ಬೆರಳಚ್ಚು, ಫೋಟೋ, ಹಿನ್ನೆಲೆ ತಪಾಸಣೆ ಎಲ್ಲ ಹಾಗೇ ಇದೆ. ಒಪ್ಪಿಗೆ ಬರುವ ತನಕ ಡಬ್ಬಿ ಡೀಲರ್ ಹತ್ತಿರವೇ ಇರುತ್ತದೆ. ಕಾಯುವ ಕಾಲ ಏರಿಳಿಯುತ್ತದೆ, ಅವಸರ ಮಾಡಬೇಡಿ. ಡೀಲರಿಂದ ಕೊಳ್ಳಲು 21 ವರ್ಷ ಆಗಿರಬೇಕು. 42 ರಾಜ್ಯಗಳಲ್ಲಿ ಇಟ್ಟುಕೊಳ್ಳಬಹುದು, ಟೆಕ್ಸಾಸ್ ಅದರಲ್ಲಿ ಒಂದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಕಡೆ ಇರುವ ನೆಂಟರ ಮನೆಗೆ ಹೋಗುವಾಗ ಇದನ್ನು ಮನೆಯಲ್ಲೇ ಬಿಟ್ಟು ಹೋಗಿ.

ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ದಾರಿ ಸಲೀಸು. ಆದರೆ ಇದನ್ನು ಓದುವ ಎಷ್ಟೋ ಕನ್ನಡಿಗರು ಎಚ್-1ಬಿ ಮೇಲೆ ಇದ್ದೀರಿ. ನಿಮಗೆ ಒಂದು ಮಾತು. ಫೆಡರಲ್ ಕಾನೂನಿನಲ್ಲಿ ಸಪ್ರೆಸರ್ ಕೂಡ ಬಂದೂಕೇ. ಎಚ್-1ಬಿ ಥರದ ವೀಸಾದಲ್ಲಿರುವವರಿಗೆ ಬಂದೂಕು, ತೋಟೆ ಎರಡೂ ಸಾಮಾನ್ಯವಾಗಿ ನಿಷೇಧ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೆ ಅದನ್ನು ಅಂಗಡಿಯವರ ಬಾಯಿಮಾತು ನಂಬಿ ಮಾಡಬೇಡಿ, ವಕೀಲರನ್ನು ಕೇಳಿ. ಒಂದು ತಪ್ಪು ಹೆಜ್ಜೆಗೆ ವೀಸಾನೇ ಹೋಗುತ್ತದೆ.

ನಿಮ್ಮ ಹೆಸರಿನಲ್ಲಿ ತಗೊಳ್ಳಬೇಕೋ, ಟ್ರಸ್ಟ್ ಮಾಡಬೇಕೋ? ನಿಮ್ಮ ಒಬ್ಬರ ಹೆಸರಿನಲ್ಲಿದ್ದರೆ ಬೇರೆಯವರು ನೀವು ಎದುರಿಗಿದ್ದಾಗ ಮಾತ್ರ ಬಳಸಬೇಕು. ನೀವು ಊರಲ್ಲಿ ಇಲ್ಲದಾಗ ಹೆಂಡತಿ ಕೈಯಲ್ಲಿ ತಿಜೋರಿ ಬೀಗ ಇರುತ್ತದೆ ಅಲ್ವಾ? ಅದೇ ತೊಡಕು. ಅವರೂ ಬಳಸುವುದಿದ್ದರೆ ಟ್ರಸ್ಟ್ ಒಳ್ಳೆಯದು. ಟ್ರಸ್ಟಿನ ಜವಾಬ್ದಾರರೆಲ್ಲ ಬೆರಳಚ್ಚು, ಫೋಟೋ ಕೊಡಬೇಕಾಗುತ್ತದೆ.

ಇನ್ನು ಎರಡು ಎಚ್ಚರಿಕೆ, ಇವನ್ನು ಒತ್ತಿ ಹೇಳುತ್ತೇನೆ. ಆನ್‌ಲೈನಿನಲ್ಲಿ ನಲವತ್ತು, ಐವತ್ತು ಡಾಲರಿಗೆ 'ಸಾಲ್ವೆಂಟ್ ಟ್ರ್ಯಾಪ್', 'ಫ್ಯೂಯೆಲ್ ಫಿಲ್ಟರ್' ಅಂತ ಹೆಸರಿಟ್ಟು ಸಪ್ರೆಸರ್ ಥರದ ಕೊಳವೆ ಮಾರುತ್ತಾರೆ. ಕಣ್ಣೆತ್ತಿಯೂ ನೋಡಬೇಡಿ. ನೋಂದಣಿ ಇಲ್ಲದ ಸಪ್ರೆಸರ್ ಸಿಕ್ಕಿದರೆ ಹತ್ತು ವರ್ಷದ ತನಕ ಜೈಲು. ಇನ್ನೊಂದು, ಇದನ್ನು ಊರಿಗೆ ಒಯ್ಯುವ ಯೋಚನೆ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿನ ಸದ್ದು ಇಳಿಸುವ ಸಾಧನವನ್ನೂ ಬಂದೂಕು ಅಂತಲೇ ಲೆಕ್ಕ ಹಾಕುತ್ತದೆ. ನಮ್ಮ ಕೊಡಗಿನ ಕೋವಿ ವಿನಾಯಿತಿ ನಂಬಿಕೊಂಡು ಯಾರೂ ಇದಕ್ಕೆ ಕೈ ಹಾಕಬೇಡಿ.

ಸರಿ, ಯಾವುದು ತಗೊಳ್ಳುವುದು? ಎಲ್ಲರೂ ಶುರು ಮಾಡುವುದು ಡೆಸಿಬೆಲ್ ಪಟ್ಟಿಯಿಂದ. ಇದು 134, ಅದು 136 ಅಂತ. ಅಷ್ಟು ಸಣ್ಣ ವ್ಯತ್ಯಾಸ ಮೈಕು ಇಟ್ಟ ಜಾಗ, ನಳಿಕೆಯ ಉದ್ದ, ತೋಟೆ, ಆ ದಿನದ ಹವೆ ಇವುಗಳಿಂದಲೇ ಬರುತ್ತದೆ. ನಾನು ಲೇತ್ ಮುಂದೆ ನಿಂತು ನಳಿಕೆಗಳಿಗೆ ಥ್ರೆಡ್ ಹಾಕುತ್ತಾ ಹದಿನೆಂಟು ವರ್ಷ ಆಯಿತು. ಡಬ್ಬಿ ಕೆಟ್ಟದ್ದು ಅಂತ ವಾಪಸ್ ಬಂದವರು ಕಡಿಮೆ. ಡಬ್ಬಿ ಸೊಟ್ಟ ಕೂತಿದೆ ಅಂತ ಬಂದವರೇ ಜಾಸ್ತಿ. ಅದಕ್ಕೆ ನನ್ನ ಸಲಹೆ ಒಂದೇ. ಮೊದಲು ನಳಿಕೆಯ ತುದಿ ನೋಡಿ, ಆಮೇಲೆ ಡಬ್ಬಿ ಹುಡುಕಿ.

ನಿಮ್ಮ ರೈಫಲ್ ನಳಿಕೆಯ ತುದಿಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. .30 ಕ್ಯಾಲಿಬರ್ ರೈಫಲ್‌ಗಳಿಗೆ ಇಲ್ಲಿ ರೂಢಿಯಲ್ಲಿರುವ ಥ್ರೆಡ್ 5/8x24. ಅಂದರೆ 0.625 ಇಂಚು ದಪ್ಪ, ಇಂಚಿಗೆ 24 ಸುತ್ತು. ಥ್ರೆಡ್ ಮುಗಿಯುವ ಕಡೆ ಒಂದು ಮೆಟ್ಟಿಲು ಉಳಿಯಬೇಕು. ಅದಕ್ಕೆ ಶೋಲ್ಡರ್ ಅನ್ನುತ್ತೇವೆ. ಸಪ್ರೆಸರ್ ನೇರ ಕೂರುವುದು ಥ್ರೆಡ್‌ನಿಂದ ಅಲ್ಲ, ಈ ಶೋಲ್ಡರ್‌ನಿಂದ. ಥ್ರೆಡ್ ಹಿಡಿದುಕೊಳ್ಳುತ್ತದೆ, ಶೋಲ್ಡರ್ ದಿಕ್ಕು ತೋರಿಸುತ್ತದೆ. ತುದಿಯ ದಪ್ಪ 0.7 ಇಂಚಿಗಿಂತ ಜಾಸ್ತಿ ಇದ್ದರೆ ನೆಮ್ಮದಿ. ಹಗುರ ಬೇಟೆ ರೈಫಲ್‌ಗಳಲ್ಲಿ ಅದು 0.6 ಹತ್ತಿರ ಇರುವುದುಂಟು. ಅಂಥದ್ದಕ್ಕೆ 5/8 ಹಾಕಲು ಲೋಹವೇ ಇಲ್ಲ. ಆಗ 9/16x24 ಹಾಕಿಸಿ. ಇಲ್ಲದಿದ್ದರೆ ನಳಿಕೆಯನ್ನು ಸ್ವಲ್ಪ ಕತ್ತರಿಸಿ, ಹಿಂದಿನ ದಪ್ಪ ಜಾಗದಲ್ಲಿ ಥ್ರೆಡ್ ಹಾಕಿಸಿ.

ಕತ್ತರಿಸುವುದು ಅಂದ ಕೂಡಲೇ ಮುಖ ಸಣ್ಣ ಮಾಡಿಕೊಳ್ಳಬೇಡಿ. 22 ಇಂಚಿನ ನಳಿಕೆಯ ತುದಿಗೆ ಇನ್ನೊಂದು 7 ಇಂಚು ಸೇರಿದರೆ ಪೊದೆಯಲ್ಲಿ, ಜೀಪಿನಲ್ಲಿ ತಿರುಗಿಸುವುದೇ ಕಷ್ಟ. 18ಕ್ಕೋ 20ಕ್ಕೋ ಇಳಿಸಿದರೆ ಕತ್ತರಿಸಿದ ಪ್ರತಿ ಇಂಚಿಗೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು 20-25 ಅಡಿ ಇಳಿಯುತ್ತದೆ. ಹಂದಿಗೆ ಅದು ಗೊತ್ತೂ ಆಗುವುದಿಲ್ಲ. 16 ಇಂಚಿಗಿಂತ ಕೆಳಗೆ ಮಾತ್ರ ಹೋಗಬೇಡಿ, ಅದು ಕಾನೂನಿನಲ್ಲಿ ಬೇರೆಯೇ ವರ್ಗ.

ಥ್ರೆಡ್ ಹಾಕುವವರನ್ನು ಒಂದು ಪ್ರಶ್ನೆ ಕೇಳಿ: "ಲೇತಿನಲ್ಲಿ ನಳಿಕೆಯನ್ನು ಹೊರಗಿನ ಮೈಗೆ ಸೆಂಟರ್ ಮಾಡ್ತೀರೋ, ಒಳಗಿನ ಬೋರ್‌ಗೋ?" ಬೋರ್‌ಗೆ ಅನ್ನುವವರ ಹತ್ತಿರ ಮಾತ್ರ ಕೊಡಿ. ಎಷ್ಟೋ ನಳಿಕೆಗಳಲ್ಲಿ ಒಳಗಿನ ತೂತು ಹೊರಮೈಗೆ ಸರಿಯಾಗಿ ನಡುವೆ ಇರುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಇಂಡಿಕೇಟರ್ ಮುಳ್ಳು ಆಡಿದಾಗ ಗೊತ್ತಾಗುತ್ತದೆ. ಗುಂಡು ಹೋಗುವುದು ಬೋರ್ ಹಿಡಿದು. ಥ್ರೆಡ್ಡೂ ಶೋಲ್ಡರ್ರೂ ಅದಕ್ಕೆ ಹೊಂದಬೇಕು. .30 ಸಪ್ರೆಸರ್ ಒಳಗೆ ಗುಂಡಿನ ಸುತ್ತ ಉಳಿಯುವ ಜಾಗ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಶೋಲ್ಡರ್ ಹತ್ತಿರ ಕೂದಲೆಳೆ ಸೊಟ್ಟ ಆದದ್ದು ಏಳಿಂಚು ಮುಂದೆ ಹೋಗುವಷ್ಟರಲ್ಲಿ ಆ ಜಾಗವನ್ನೆಲ್ಲ ತಿಂದುಬಿಡುತ್ತದೆ.

ಕಳೆದ ವರ್ಷ ಒಬ್ಬರು ತಂದ ಡಬ್ಬಿ ಇನ್ನೂ ಕಣ್ಣ ಮುಂದೆ ಇದೆ. ಮುಂದಿನ ಮುಚ್ಚಳದ ತೂತು ಗುಂಡಗೆ ಇರಬೇಕಾದದ್ದು, ಗಡಿಯಾರದ ನಾಲ್ಕರ ಕಡೆ ಉಗುರಿನಿಂದ ಕಚ್ಚಿದ ಹಾಗೆ ಚಂದ್ರಾಕಾರಕ್ಕೆ ಹೋಗಿತ್ತು. ಆ ಅಂಚಿನಲ್ಲಿ ತಾಮ್ರದ ಹೊಳಪು, ಗುಂಡಿನ ಮೈ ಸವರಿದ್ದು. ಒಳಗಿನ ಕೊನೆಯ ಎರಡು ಬ್ಯಾಫಲ್‌ಗಳ ಅಂಚು ಹರಿದಿತ್ತು. ಥ್ರೆಡ್ ಸರಿಯಾಗಿಯೇ ಇತ್ತು. ಹಳೆಯ ಮಜಲ್ ಬ್ರೇಕ್ (ಒದೆತ ಇಳಿಸಲು ನಳಿಕೆಯ ತುದಿಗೆ ಹಾಕುವ ತುಂಡು) ಜೊತೆ ಬಂದ ಕ್ರಷ್ ವಾಷರ್ ಅನ್ನು ತೆಗೆಯದೆ ಅದರ ಮೇಲೇ ಸಪ್ರೆಸರ್ ತಿರುಗಿಸಿದ್ದರು. ಆ ವಾಷರ್ ಜಜ್ಜಿಕೊಂಡು ಕೂರುವ ಜಾತಿಯದ್ದು, ಎಲ್ಲ ಕಡೆ ಸಮ ಜಜ್ಜುವುದಿಲ್ಲ. ಒಂದು ಸಣ್ಣ ಬಳೆಯಿಂದ ಸುಮಾರು ಸಾವಿರ ಡಾಲರಿನ ಡಬ್ಬಿ ಹೋಯಿತು. ಇನ್ನೂ ಕೆಟ್ಟದಾಗಿ ಸೊಟ್ಟ ಇದ್ದಿದ್ದರೆ ತುಂಡುಗಳು ಮುಂದೆ ಹಾರುತ್ತಿದ್ದವು. ಅಲ್ಲಿ ಯಾರಾದರೂ ಇದ್ದಿದ್ದರೆ? ಸಪ್ರೆಸರ್ ಕೆಳಗೆ ಯಾವತ್ತೂ ಕ್ರಷ್ ವಾಷರ್ ಬೇಡ.

ನಿಮಗೆ ಡಬ್ಬಿ: .30 ಕ್ಯಾಲಿಬರ್‌ನ, ಟೈಟಾನಿಯಂ, ಸುಮಾರು 7 ಇಂಚು, 400 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ್ದು. ಯಾಕೆ .30 ಅಂದರೆ, ನಾಳೆ .243, 6.5 ಕ್ರೀಡ್‌ಮೋರ್, .223 ಏನು ತಗೊಂಡರೂ ಅದೇ ನಡೆಯುತ್ತದೆ. ಸಣ್ಣ ಗುಂಡಿಗೆ ದೊಡ್ಡ ತೂತು ಅಂದರೆ ಸದ್ದು ಸ್ವಲ್ಪ ಜಾಸ್ತಿ, ಅಷ್ಟೇ. ತಿರುಗಾಮುರುಗಾ ಮಾತ್ರ ಎಂದಿಗೂ ಆಗಬಾರದು. .22 ತೂತಿನ ಡಬ್ಬಿಯಲ್ಲಿ .308 ಹೊಡೆದರೆ ಡಬ್ಬಿ ಸಿಡಿಯುತ್ತದೆ. ಟೈಟಾನಿಯಂ ಯಾಕೆ ಅಂದರೆ ತೂಕ. ನಳಿಕೆಯ ತುದಿಯಲ್ಲಿ ಕೂರುವ ಒಂದೊಂದು ಗ್ರಾಮೂ ಕೈಗೆ ಹತ್ತರಷ್ಟು ಭಾರ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ರೈಫಲ್ ತುದಿಗೆ ಕಟ್ಟಿಕೊಂಡು ಹತ್ತು ನಿಮಿಷ ನಿಂತು ನೋಡಿ, ಅರ್ಥವಾಗುತ್ತದೆ. ಟೈಟಾನಿಯಂ ತುಂಬಾ ಬಿಸಿಯಾದರೆ ಬಲ ಕಳೆದುಕೊಳ್ಳುತ್ತದೆ. ಆದರೆ ಬೋಲ್ಟ್ ರೈಫಲ್‌ನಲ್ಲಿ ಬೇಟೆಗೆ ಮೂರೋ ನಾಲ್ಕೋ ಈಡು. ಅಷ್ಟಕ್ಕೆ ಏನೂ ಆಗದು. ಮ್ಯಾಗಜೀನ್ ಮೇಲೆ ಮ್ಯಾಗಜೀನ್ ಖಾಲಿ ಮಾಡುವ ಎಆರ್ ರೈಫಲ್‌ಗೆ ಇನ್ಕೊನೆಲ್, ಸ್ಟೆಲೈಟ್‌ನಂಥ ಗಟ್ಟಿ ಲೋಹ ಬೇಕು. ನಿಮಗದು ಸುಮ್ನೆ ಹೊರೆ.

ಕೊಳ್ಳುವ ಮೊದಲು ಆ ಮಾದರಿಯ ಕೈಪಿಡಿ ತೆರೆಸಿ ಓದಿ. ಯಾವ ತೋಟೆಗೆ ಕನಿಷ್ಠ ಎಷ್ಟು ಇಂಚಿನ ನಳಿಕೆ ಇರಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ಅದೇ ನಿಮಗೆ ವೇದವಾಕ್ಯ.

ಮೌಂಟ್, ಅಂದರೆ ಡಬ್ಬಿಯನ್ನು ನಳಿಕೆಗೆ ಕೂರಿಸುವ ರೀತಿಯ ವಿಷಯಕ್ಕೆ ಬಂದರೆ, ಒಂದೇ ರೈಫಲ್ ಇರುವವರಿಗೆ ನೇರ ಥ್ರೆಡ್ ಸಾಕು. ಹಗುರ, ಸರಳ, ಅಗ್ಗ. ಬಿಸಿಯಾದಾಗ ಸಡಿಲ ಆಗುವುದೊಂದು ಅದರ ದೋಷ. ಥಟ್ಟನೆ ಹಾಕಿ ತೆಗೆಯುವ ಕ್ವಿಕ್ ಡಿಟ್ಯಾಚ್ ಮೌಂಟ್ ಬೇಕಾಗುವುದು ಎರಡು ಮೂರು ರೈಫಲ್‌ಗೆ ಒಂದೇ ಡಬ್ಬಿ ಹಾಕುವವರಿಗೆ. ಇವತ್ತು ಕೊಳ್ಳುವಾಗ ಡಬ್ಬಿಯ ಹಿಂಬದಿ 1.375x24 ಥ್ರೆಡ್ ಇದೆಯಾ ನೋಡಿ. ಹಬ್ ಮೌಂಟ್ ಅನ್ನುವುದು ಅದಕ್ಕೇ. ಎಷ್ಟೋ ಕಂಪನಿಗಳು ಈಗ ಅದೇ ಅಳತೆ ಹಿಡಿದಿವೆ. ಇವತ್ತು ನೇರ ಥ್ರೆಡ್ ತುಂಡು ಹಾಕಿ, ನಾಳೆ ಬೇರೆ ಮೌಂಟ್ ಹಾಕಿಕೊಳ್ಳಬಹುದು. ಡಬ್ಬಿಗೆ ಮತ್ತೆ ಕಾಗದಪತ್ರ ಬೇಕಾಗುವುದಿಲ್ಲ. ಮುಂದೆ ಬ್ರೇಕ್ ಥರದ ಮೌಂಟನ್ನು ನಳಿಕೆಗೆ ಕಾಯಂ ಕೂರಿಸುವುದಾದರೆ ಥ್ರೆಡ್‌ನ ಎಣ್ಣೆ ಪೂರ್ತಿ ಒರೆಸಿ, ಎರಡು ಹನಿ ರಾಕ್‌ಸೆಟ್ ಅನ್ನುವ ಅಂಟು ಹಾಕಿ, ಕೈಪಿಡಿ ಹೇಳಿದಷ್ಟೇ ಟಾರ್ಕ್ ಕೊಟ್ಟು ಒಂದು ದಿನ ಬಿಡಿ. ರಾಕ್‌ಸೆಟ್ ಬಿಸಿ ತಡೆಯುತ್ತದೆ. ಬಿಚ್ಚಬೇಕಾದರೆ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಮಾಮೂಲಿ ಅಂಟು ಆ ಬಿಸಿಗೆ ಕರಗಿ ಹೋಗುತ್ತದೆ.

ಕೂರಿಸುವ ದಿನ ಹೀಗೆ ಮಾಡಿ. ರೈಫಲ್ ಖಾಲಿ ಮಾಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ತೋಟೆ ಕೂರುವ ಚೇಂಬರಿನೊಳಗೆ ಬೆರಳಿಟ್ಟು ನೋಡಿ, ಕಣ್ಣು ಮಾತ್ರ ನಂಬಬೇಡಿ. ಥ್ರೆಡ್, ಶೋಲ್ಡರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಕಣ ಕೂಡ ಡಬ್ಬಿಯನ್ನು ಓರೆ ಮಾಡುತ್ತದೆ. ಕೈಯಲ್ಲೇ ತಿರುಗಿಸಿ. ಬಿಗಿ ಅನಿಸಿದರೆ ಒತ್ತಾಯ ಮಾಡಬೇಡಿ, ಬಿಚ್ಚಿ ಮತ್ತೆ ಹಿಡಿಯಿರಿ. ಶೋಲ್ಡರ್‌ಗೆ ಠಕ್ ಅಂತ ಕೂತ ಮೇಲೆ ಇನ್ನೊಂದು ಗಟ್ಟಿ ಹಿಡಿತ.

ಆಮೇಲೆ ಅಲೈನ್‌ಮೆಂಟ್ ರಾಡ್. ನೇರ ಉಕ್ಕಿನ ಸರಳು, .30 ಬೋರ್‌ಗೆ ಅಂತಲೇ ಸಿಗುತ್ತದೆ. ಡಬ್ಬಿಯ ಮುಂದಿನಿಂದ ನಿಧಾನ ಒಳಗೆ ಬಿಡಿ, ಬೀಳಿಸಬೇಡಿ. ಟಾರ್ಚ್ ಹಿಡಿದು ಮುಚ್ಚಳದ ತೂತು ನೋಡಿ. ಸರಳಿನ ಸುತ್ತ ಕಪ್ಪು ಬಳೆಯ ಹಾಗೆ ಜಾಗ ಕಾಣಬೇಕು, ಎಲ್ಲ ಕಡೆ ಒಂದೇ ಅಗಲ. ಒಂದು ಕಡೆ ಬಳೆ ತೆಳ್ಳಗಾಗಿದ್ದರೆ ಡಬ್ಬಿ ಬಿಚ್ಚಿ, ಒರೆಸಿ, ಮತ್ತೆ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ, ಸರಳು ಅಂಚಿಗೆ ತಗುಲುತ್ತಿದ್ದರೆ, ಒಂದು ಗುಂಡೂ ಹೊಡೆಯಬೇಡಿ. ಥ್ರೆಡ್ ಹಾಕಿದವರ ಹತ್ತಿರ ರೈಫಲ್ ಒಯ್ಯಿರಿ. ನಾನು ಹಾಕಿದ ಥ್ರೆಡ್ ಆದರೂ ಇದನ್ನು ಮಾಡಿಯೇ ತೀರಬೇಕು ಅಂತ ಹೇಳಿ ಕಳಿಸುತ್ತೇನೆ.

ಮೊದಲ ದಿನ 25 ಗಜದಲ್ಲಿ ಕಾಗದ ಇಟ್ಟು ಒಂದೇ ಈಡು. ಬೋಲ್ಟ್ ತೆಗೆದು ಮುಚ್ಚಳ ನೋಡಿ. ಸ್ವಚ್ಛ ಇದ್ದರೆ ಇನ್ನೆರಡು. ಆಮೇಲೆ 100 ಗಜಕ್ಕೆ ಹೋಗಿ ಝೀರೋ ಮಾಡಿ, ಅಂದರೆ ಗುಂಡು ಬೀಳುವ ಕಡೆಗೆ ಸ್ಕೋಪ್ ಹೊಂದಿಸಿ. ಗುಂಡು ಮೊದಲು ಬೀಳುತ್ತಿದ್ದ ಕಡೆ ಬೀಳುವುದಿಲ್ಲ, ತುದಿಯ ಭಾರಕ್ಕೆ ಸಾಮಾನ್ಯವಾಗಿ ಸ್ವಲ್ಪ ಕೆಳಗೆ ಹೋಗುತ್ತದೆ. ಅದು ದೋಷವಲ್ಲ. ಬಿಚ್ಚಿ ಹಾಕಿದಾಗಲೆಲ್ಲ ಅಷ್ಟೇ ಸರಿದರೆ ಸಾಕು. ಎಷ್ಟು ಸರಿಯಿತು ಅಂತ ಬರೆದಿಟ್ಟುಕೊಳ್ಳಿ. ಐದೈದು ಈಡಿಗೊಮ್ಮೆ ಡಬ್ಬಿ ಬಿಗಿ ಇದೆಯಾ ನೋಡಿ, ದಪ್ಪ ಕೈಗವಸು ಹಾಕಿಕೊಂಡು. ನಾಲ್ಕೈದು ಈಡಿಗೇ ಅದು ಒಲೆ ಮೇಲಿನ ಕಾವಲಿಯ ಹಾಗೆ ಕಾಯುತ್ತದೆ. ರೈಫಲ್ ಬ್ಯಾಗಿಗೆ ಹಾಗೇ ತುರುಕಿದರೆ ಬ್ಯಾಗ್ ಕರಗುತ್ತದೆ. ಸ್ಕೋಪಿನಲ್ಲಿ ಗುರಿ ಬಿಸಿಲುಗುದುರೆಯ ಹಾಗೆ ನಡುಗುವುದೂ ಈ ಬಿಸಿಗೇ. ರೇಂಜಿನಲ್ಲಿ ಹೆಚ್ಚು ಹೊತ್ತು ಹೊಡೆಯುವುದಿದ್ದರೆ ಬಟ್ಟೆಯ ಕವರ್ ಹಾಕಿ.

ಸಬ್‌ಸಾನಿಕ್ (ಶಬ್ದದ ವೇಗಕ್ಕಿಂತ ನಿಧಾನ ಹೋಗುವ) .308 ತೋಟೆ ತಗೊಂಡು ಪೂರ್ತಿ ಮೌನವಾಗಿ ಹಂದಿ ಹೊಡೆಯೋಣ ಅಂತ ನಿಮಗೂ ಯಾರಾದರೂ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಆ ವೇಗದಲ್ಲಿ ಗುಂಡಿಗೆ ಬಲ ಉಳಿಯುವುದಿಲ್ಲ, ಹಂದಿ ಗಾಯಗೊಂಡು ಪೊದೆ ಸೇರಿ ನರಳುತ್ತದೆ. ಜೊತೆಗೆ ನಳಿಕೆಯ ತಿರುವಿಗೆ ಹೊಂದದ ಭಾರದ ಗುಂಡು ಓಲಾಡಿ ಬ್ಯಾಫಲ್‌ಗೆ ಬಡಿಯುವ ಅಪಾಯವೂ ಇದೆ.

ಮಗನ .22 ವಿಷಯ ಬೇರೆ. ಅಲ್ಲಿ ಸಬ್‌ಸಾನಿಕ್ ತೋಟೆ, ಸಣ್ಣ ರಿಮ್‌ಫೈರ್ (.22 ತೋಟೆಗೆ ಅಂತಲೇ ಮಾಡಿದ) ಡಬ್ಬಿ ಸೇರಿದರೆ ಫಿರಂಗಿಯಿಂದ ಪಿಸುಮಾತಿಗೆ ಇಳಿದ ಹಾಗೆ. ಕಲಿಯುವ ಹುಡುಗ ಸದ್ದಿಗೆ ಬೆಚ್ಚದೆ ಟ್ರಿಗರ್ ಮೇಲೆ ಗಮನ ಇಡುತ್ತಾನೆ. ನಿಮ್ಮ .30 ಡಬ್ಬಿಯನ್ನೇ ಅದಕ್ಕೂ ಹಾಕೋಣ ಅನ್ನಬೇಡಿ. .22 ತೋಟೆಯ ಸೀಸದ ಗುಂಡು ಒಳಗೆ ಪದರ ಪದರ ಸೀಸ ಮೆತ್ತುತ್ತದೆ. ಬೆಸುಗೆ ಹಾಕಿ ಮುಚ್ಚಿದ ಡಬ್ಬಿಯನ್ನು ಬಿಚ್ಚಿ ತೊಳೆಯಲು ಆಗುವುದಿಲ್ಲ. .22ಗೆ ಬಿಚ್ಚಿ ತೊಳೆಯುವಂಥದ್ದನ್ನೇ ಬೇರೆ ತಗೊಳ್ಳಿ. ತೊಳೆಯುವಾಗ ಕೈಗವಸು ಇರಲಿ. ವಿನಿಗರ್ ಮತ್ತು ಪೆರಾಕ್ಸೈಡ್ ಬೆರೆಸಿ ಅದ್ದುವ ಉಪಾಯ ಯಾರೋ ಹೇಳಿಯಾರು. ಅದರಿಂದ ಬರುವ ಸೀಸದ ನೀರು ಚರ್ಮದಿಂದಲೂ ಒಳಗೆ ಇಳಿಯುವ ವಿಷ. ಮಗ ಓಡಾಡುವ ಮನೆಯಲ್ಲಿ ಅದು ಬೇಡವೇ ಬೇಡ. ಇನ್ನೊಂದು ಮಾತು, .22 ರೈಫಲ್‌ನ ಥ್ರೆಡ್ 1/2x28, .223 ರೈಫಲ್‌ನದ್ದೂ ಎಷ್ಟೋ ಕಡೆ ಅದೇ. ಸಲೀಸಾಗಿ ತಿರುಗಿ ಕೂರುತ್ತದೆ. ಅಲ್ಯೂಮಿನಿಯಂನ .22 ಡಬ್ಬಿಯನ್ನು ಅಪ್ಪಿತಪ್ಪಿ .223ಗೆ ಹಾಕಿದರೆ ಕೈಯಲ್ಲೇ ಸಿಡಿಯುತ್ತದೆ. ನಮ್ಮ ಮನೆಯಲ್ಲಿ .22 ಡಬ್ಬಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ, ಅದು ಆ ರೈಫಲ್ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ.

ದುಡ್ಡು ಒಟ್ಟಿಗೆ ಎರಡಕ್ಕೂ ಆಗದಿದ್ದರೆ ಮೊದಲು .308ಗೆ ಮಾಡಿ. ನಿಮ್ಮ ಕಿವಿಗೆ ಪೆಟ್ಟು ಕೊಡುತ್ತಿರುವುದು ಅದು. ಈ ಶನಿವಾರ ನಳಿಕೆಯ ತುದಿಯನ್ನು ಮೂರು ಕಡೆ ಅಳೆಯಿರಿ: ತುದಿಯಲ್ಲಿ, ಒಂದು ಇಂಚು ಹಿಂದೆ, ಎರಡು ಇಂಚು ಹಿಂದೆ. ಆ ಮೂರು ಅಂಕಿಗಳನ್ನು ನನಗೆ ಬರೆದು ಕಳಿಸಿ. 5/8 ಕೂರುತ್ತದೋ, ಎಷ್ಟು ಕತ್ತರಿಸಬೇಕೋ ಅದರಿಂದಲೇ ಹೇಳಬಹುದು. ಅಲ್ಲಿಯ ತನಕ ಹಂದಿ ಎದುರಿಗೇ ಬಂದು ನಿಂತರೂ ಸರಿ, ಕಿವಿಗೆ ಪ್ಲಗ್ ಹಾಕದೆ ಟ್ರಿಗರ್ ಮುಟ್ಟಬೇಡಿ.